ಸೈಟ್ ಇದೆ, ಗೂಗಲ್‌ನಲ್ಲಿ ಕಾಣುತ್ತಿಲ್ಲ: ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

"ಸೈಟ್ ಮಾಡಿಸಿ ಎಂಟು ತಿಂಗಳಾಯ್ತು ಮಾರಾಯ್ರೆ, ಗೂಗಲ್‌ನಲ್ಲಿ ಬರುವುದೇ ಇಲ್ಲ." ಉಡುಪಿಯಲ್ಲಿ ವೆಬ್‌ಸೈಟ್ ರಿಪೇರಿ ಮಾಡಿಕೊಂಡಿರುವ ನನಗೆ ಇಂಥ ಫೋನ್ ಆಗಾಗ ಬರುತ್ತದೆ. ಹೋದ ಸಲ ಮಾಡಿದವರು ಮಲ್ಪೆ ಹತ್ತಿರ ಹೋಮ್‌ಸ್ಟೇ ಇಟ್ಟುಕೊಂಡವರು. ಅದಕ್ಕಿಂತ ಮೊದಲು ಮಂಗಳೂರಿನ ಒಂದು ಗೇರುಬೀಜದ ಅಂಗಡಿ. ದೂರು ಒಂದೇ, ಕಾಯಿಲೆ ಮಾತ್ರ ಬೇರೆ ಬೇರೆ.

ಬಾವಿ ಇರುವ ಮನೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಪಂಪ್ ಓಡುತ್ತಿದೆ, ಟ್ಯಾಂಕಿಗೆ ನೀರು ಬರುತ್ತಿಲ್ಲ. ಗಡಿಬಿಡಿಯಲ್ಲಿ ಮೋಟಾರ್ ಬಿಚ್ಚಿ ರಿವೈಂಡಿಂಗ್‌ಗೆ ಕೊಡುತ್ತೇವೆ. ಕೊನೆಗೆ ನೋಡಿದರೆ ಬಾವಿಯ ತಳದಲ್ಲಿ ಫುಟ್‌ವಾಲ್ವ್‌ಗೆ ಕಸ ಸಿಕ್ಕಿಕೊಂಡಿರುತ್ತದೆ. ಸೈಟ್ ವಿಷಯದಲ್ಲೂ ಜನ ಮೊದಲು ಮೋಟಾರ್‌ಗೇ ಕೈ ಹಾಕುತ್ತಾರೆ. ಹೊಸ ಡಿಸೈನ್, ಹೊಸ ಥೀಮ್, ಗೂಗಲ್‌ನಲ್ಲಿ ಮೇಲೆ ತರುತ್ತೇವೆ ಎನ್ನುವ ಎಸ್‌ಇಒ ಪ್ಯಾಕೇಜ್. ನಾನು ತಳದಿಂದ ಮೇಲಕ್ಕೆ ನೋಡಿಕೊಂಡು ಬರುತ್ತೇನೆ. ಗೂಗಲ್‌ಗೆ ಪುಟ ಸಿಕ್ಕಿದೆಯೇ? ಒಳಗೆ ಬರಲು ಬಿಟ್ಟಿದ್ದೀರಾ? ಬಂದರೆ ಓದಲು ಆಗುತ್ತದೆಯೇ? ಓದಿದ್ದನ್ನು ಇಂಡೆಕ್ಸ್‌ಗೆ, ಅಂದರೆ ತನ್ನ ಪುಟಗಳ ದಾಖಲೆಗೆ, ಸೇರಿಸಿಕೊಂಡಿದೆಯೇ? ಇಷ್ಟೂ ಸರಿ ಇದ್ದರೆ ಆಮೇಲೆ ಎಷ್ಟನೇ ಸ್ಥಾನ ಎನ್ನುವ ರ‍್ಯಾಂಕ್ ಮಾತು.

ಮೊದಲ ಪ್ರಶ್ನೆ: ಏನೆಂದು ಹುಡುಕಿದಿರಿ?

ಹೋಮ್‌ಸ್ಟೇಯವರು "ಬೆಸ್ಟ್ ಹೋಮ್‌ಸ್ಟೇ" ಎಂದು ಹುಡುಕಿದ್ದರು. ಅದರಲ್ಲಿ ಸಿಗದಿದ್ದರೆ ಆಶ್ಚರ್ಯವೇನಿಲ್ಲ. ತಮ್ಮದೇ ಹೆಸರು ಹಾಕಿ, ಜೊತೆಗೆ ಮಲ್ಪೆ ಎಂದು ಸೇರಿಸಿ ಹುಡುಕಿ ಎಂದೆ. ಆಗಲೂ ಬರಲಿಲ್ಲ. ಇದು ಬೇರೆ ಕಥೆ. ಸ್ವಂತ ಹೆಸರಿಗೂ ಬಾರದ ಸೈಟ್‌ಗೆ ರ‍್ಯಾಂಕ್ ಸಮಸ್ಯೆ ಇರುವುದು ಕಡಿಮೆ, ಅದು ಹೆಚ್ಚಾಗಿ ಇಂಡೆಕ್ಸ್ ಸಮಸ್ಯೆ.

ಉಲ್ಟಾ ದೂರೂ ಬರುತ್ತದೆ. "ನನ್ನ ಫೋನಿನಲ್ಲಿ ಮೊದಲೇ ಬರುತ್ತದೆ, ಬೆಂಗಳೂರಿನಲ್ಲಿರುವ ಮಗಳಿಗೆ ಕಾಣುವುದಿಲ್ಲ." ನೀವು ಮಲ್ಪೆಯಲ್ಲಿ ಕೂತು, ದಿನಕ್ಕೆ ಹತ್ತು ಸಲ ನಿಮ್ಮದೇ ಸೈಟ್ ತೆರೆಯುವವರು. ಬ್ರೌಸರ್‌ನ ಖಾಸಗಿ ಕಿಟಕಿಯಾದ ಇನ್‌ಕಾಗ್ನಿಟೊದಲ್ಲಿ ಹುಡುಕಿದರೆ ಹಳೆಯ ಹುಡುಕಾಟದ ಪ್ರಭಾವ ಹೋಗುತ್ತದೆ, ಊರಿನ ಪ್ರಭಾವ ಹೋಗುವುದಿಲ್ಲ. ಹಾಗಾಗಿ ಯಾರ ಫೋನನ್ನೂ ಸಾಕ್ಷಿಗೆ ಕರೆಯಬೇಡಿ. ನಿಮ್ಮ ಸೈಟ್ ಗೂಗಲ್‌ಗೆ ಹೇಗೆ ಕಾಣುತ್ತಿದೆ ಎಂದು ಮಾಲೀಕರಿಗೆ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್ ನೋಡಿ. ಅದು ಉಚಿತ. ಡೊಮೇನ್, ಅಂದರೆ ಸೈಟ್‌ನ ವಿಳಾಸ, ನಿಮ್ಮದು ಎಂದು ತೋರಿಸಲು ಅದರ ಸೆಟ್ಟಿಂಗ್‌ಗಳಾದ ಡಿಎನ್‌ಎಸ್‌ನಲ್ಲಿ ಒಂದು ಸಾಲು ಸೇರಿಸಬೇಕು, ಅಷ್ಟೇ. ಒಂದೇ ಒಂದು ಷರತ್ತು: ಅದು ನಿಮ್ಮ ಜೀಮೇಲ್‌ನಲ್ಲಿರಲಿ, ಸೈಟ್ ಮಾಡಿಕೊಟ್ಟ ಹುಡುಗನ ಜೀಮೇಲ್‌ನಲ್ಲಿ ಬೇಡ. ಅವನು ದುಬೈಗೆ ಹೋದ ಮೇಲೆ ಕೀಲಿ ಕೇಳುತ್ತಾ ಕೂರುವುದು ಮಂಡೆ ಬಿಸಿ.

ಸ್ವಂತ ಹೆಸರಿಗೂ ಬಾರದಿದ್ದರೆ

ಗೂಗಲ್ ಹುಡುಕುವ ಜಾಗದಲ್ಲಿ ಇಂಗ್ಲಿಷ್‌ನಲ್ಲಿ ಸೈಟ್ ಎಂಬ ಪದ, ಅದರ ಹಿಂದೆಯೇ ಕೋಲನ್ ಚಿಹ್ನೆ, ಜಾಗ ಬಿಡದೆ ನಿಮ್ಮ ಡೊಮೇನ್ ಬರೆಯಿರಿ. ಇಂಡೆಕ್ಸ್‌ನಲ್ಲಿರುವ ಪುಟಗಳು ಕಾಣುತ್ತವೆ. ಈ ಪಟ್ಟಿ ಯಾವಾಗಲೂ ಪೂರ್ತಿ ಇರುವುದಿಲ್ಲ, ಲೆಕ್ಕಕ್ಕೆ ಇದನ್ನು ನಂಬಬೇಡಿ. ಆದರೆ ಒಂದೂ ಬರಲಿಲ್ಲ ಎಂದರೆ ಬಾಗಿಲು ಎಲ್ಲೋ ಮುಚ್ಚಿದೆ. ಈಗ ಸರ್ಚ್ ಕನ್ಸೋಲ್‌ಗೆ ಹೋಗಿ, ಮೇಲ್ಗಡೆ ಇರುವ ಹುಡುಕುವ ಜಾಗದಲ್ಲಿ ಮುಖಪುಟದ ವಿಳಾಸ ಹಾಕಿ ಯುಆರ್‌ಎಲ್ ಇನ್‌ಸ್ಪೆಕ್ಷನ್ ಮಾಡಿ. ಕಾರಣವನ್ನು ಅದೇ ಹೇಳುತ್ತದೆ.

ಹೋಮ್‌ಸ್ಟೇಯ ಸೈಟ್‌ನಲ್ಲಿ ಕಾರಣ ನೋಇಂಡೆಕ್ಸ್, ಅಂದರೆ ಈ ಪುಟವನ್ನು ಇಂಡೆಕ್ಸ್‌ಗೆ ಸೇರಿಸಬೇಡಿ ಎನ್ನುವ ಸೂಚನೆ. ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ರೀಡಿಂಗ್ ಎಂಬ ಪುಟವಿದೆ. ಸರ್ಚ್ ಎಂಜಿನ್‌ಗಳು ಬರುವುದು ಬೇಡ ಎನ್ನುವ ಒಂದು ಚೆಕ್‌ಬಾಕ್ಸ್ ಅಲ್ಲಿದೆ. ಸೈಟ್ ಕಟ್ಟುವಾಗ ಅರೆಬರೆ ಪುಟ ಹೊರಗೆ ಕಾಣಬಾರದೆಂದು ಅದಕ್ಕೆ ಟಿಕ್ ಹಾಕುತ್ತಾರೆ. ಒಳ್ಳೆಯ ಅಭ್ಯಾಸವೇ. ಮುಗಿದ ಮೇಲೆ ತೆಗೆಯಲು ಮರೆಯುತ್ತಾರೆ. ಎಂಟು ತಿಂಗಳು ಆ ಒಂದು ಟಿಕ್ ಕೂತಿತ್ತು. ಈ ನಡುವೆ ಅವರು ಎರಡು ಸಲ ಥೀಮ್ ಬದಲಿಸಿದ್ದರು, ಒಂದು ಸಲ ಎಸ್‌ಇಒ ಪ್ಯಾಕೇಜ್‌ಗೆ ದುಡ್ಡೂ ಕೊಟ್ಟಿದ್ದರು. ಆ ಪ್ಯಾಕೇಜ್‌ನವರು ಯಾರೂ ರೀಡಿಂಗ್ ಪುಟ ತೆರೆದೇ ಇರಲಿಲ್ಲ.

ಇಲ್ಲೊಂದು ಬಲೆ ಇದೆ, ಸ್ವಲ್ಪ ನಿಧಾನವಾಗಿ ಓದಿ. ಸೈಟ್‌ನ ಮೂಲ ಫೋಲ್ಡರ್‌ನಲ್ಲಿ ರೋಬೋಟ್ಸ್ ಎಂಬ ಹೆಸರಿನ ಒಂದು ಟೆಕ್ಸ್ಟ್ ಫೈಲ್ ಇರುತ್ತದೆ. 1994ರಿಂದ ಇರುವ ಪದ್ಧತಿ, 2022ರಲ್ಲಿ ಅಧಿಕೃತ ಇಂಟರ್ನೆಟ್ ಮಾನದಂಡವೂ ಆಯಿತು. ಅದು ಗೇಟಿಗೆ ನೇತುಹಾಕಿದ ಬೋರ್ಡಿನ ಹಾಗೆ: ಯಾವ ಬಾಟ್ (ಸೈಟ್‌ಗಳನ್ನು ತಾನಾಗಿ ಓದುತ್ತಾ ಹೋಗುವ ಪ್ರೋಗ್ರಾಂ) ಎಲ್ಲಿಗೆ ಹೋಗಬಹುದು ಎಂದು ಹೇಳುತ್ತದೆ. ಡಿಸ್‌ಅಲೋ ಎಂದು ಬರೆದು ಮುಂದೆ ಬರೀ ಒಂದು ಓರೆಗೆರೆ ಹಾಕಿದರೆ ಇಡೀ ಸೈಟ್ ಬಂದ್. ನೋಇಂಡೆಕ್ಸ್ ಹಾಗಲ್ಲ. ಅದು ಮನೆಯೊಳಗೆ ಗೋಡೆಗೆ ಅಂಟಿಸಿದ ಚೀಟಿ. ಗೇಟು ಮುಚ್ಚಿದ್ದರೆ ಒಳಗಿನ ಚೀಟಿ ಯಾರೂ ಓದುವುದಿಲ್ಲ. ಎರಡನ್ನೂ ಒಟ್ಟಿಗೆ ಹಾಕಿದವರು, ಬರೀ ನೋಇಂಡೆಕ್ಸ್ ತೆಗೆದು "ಸರಿ ಮಾಡಿದೆ" ಎಂದು ಕಾಯುತ್ತಾ ಕೂತರೆ ಏನೂ ಆಗುವುದಿಲ್ಲ. ಚೀಟಿ ತೆಗೆದದ್ದು ಗೂಗಲ್‌ಗೆ ಗೊತ್ತೇ ಆಗುವುದಿಲ್ಲ. ಮೊದಲು ಗೇಟು ತೆರೆಯಿರಿ, ಆಮೇಲೆ ಚೀಟಿ ಕೀಳಿರಿ. ಇನ್ನೊಂದು ಕಡೆಯಿಂದಲೂ ಜನ ಬೀಳುತ್ತಾರೆ: ಪುಟವನ್ನು ಗೂಗಲ್‌ನಿಂದ ತೆಗೆಸಬೇಕೆಂದು ಗೇಟು ಮುಚ್ಚುತ್ತಾರೆ. ಬೇರೆ ಸೈಟ್‌ಗಳಿಂದ ಲಿಂಕ್ ಇದ್ದರೆ ಆ ವಿಳಾಸ ವಿವರಣೆಯಿಲ್ಲದೆ ಹಾಗೇ ಕಾಣುತ್ತಿರಬಹುದು.

ಟಿಕ್ಕೂ ಇಲ್ಲ, ಬೋರ್ಡೂ ಇಲ್ಲ, ನಿಮ್ಮ ಬ್ರೌಸರ್‌ನಲ್ಲಿ ಸೈಟ್ ಚೆನ್ನಾಗಿಯೇ ತೆರೆಯುತ್ತದೆ, ಆದರೂ ಗೂಗಲ್‌ಗೆ ಸಿಗುತ್ತಿಲ್ಲವೇ? ಇನ್‌ಸ್ಪೆಕ್ಷನ್‌ನಲ್ಲಿ ಲೈವ್ ಟೆಸ್ಟ್ ಒತ್ತಿ. 403, ಅಂದರೆ ಪ್ರವೇಶವಿಲ್ಲ ಎಂದು ಬಂದರೆ ಹೋಸ್ಟಿಂಗ್‌ನ ಫೈರ್‌ವಾಲ್ (ಬೇಡದವರನ್ನು ತಡೆಯುವ ಕಾವಲು) ಮೇಲೆ ಅನುಮಾನಪಡಿ. ಬಾಟ್‌ಗಳ ಕಾಟ ಜಾಸ್ತಿ ಎಂದು ಅದನ್ನು ಬಿಗಿ ಮಾಡಿದಾಗ ಗೂಗಲ್‌ಬಾಟ್ ಕೂಡ ಕಳ್ಳರ ಸಾಲಿಗೆ ಸೇರಿರುತ್ತದೆ. 500ರ ಸಾಲಿನ ಅಂಕಿ ಬಂದರೆ ಸರ್ವರ್‌ಗೇ ಜ್ವರ. ರೋಬೋಟ್ಸ್ ಫೈಲ್ ಇಲ್ಲದೆ 404 (ಸಿಗಲಿಲ್ಲ) ಬಂದರೆ ತೊಂದರೆಯಿಲ್ಲ, ಅಡ್ಡಿಯಿಲ್ಲ ಎಂದೇ ಗೂಗಲ್ ತಿಳಿಯುತ್ತದೆ. ಅದೇ ಫೈಲ್‌ಗೆ 500 ಬಂದರೆ ಇಡೀ ಸೈಟ್‌ಗೆ ಬರುವುದನ್ನೇ ಕೆಲಕಾಲ ನಿಲ್ಲಿಸುತ್ತದೆ.

ಬಂದು ನೋಡಿತು, ಸೇರಿಸಿಕೊಳ್ಳಲಿಲ್ಲ

ಸರ್ಚ್ ಕನ್ಸೋಲ್‌ನ ಪೇಜಸ್ ವರದಿಯಲ್ಲಿ "ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್" ಎಂಬ ಸಾಲು ಉದ್ದವಾಗಿದ್ದರೆ ಬಾಗಿಲು ತೆರೆದೇ ಇದೆ ಎಂದರ್ಥ. ಅತಿಥಿ ಬಂದ, ಊಟ ನೋಡಿದ, ಎದ್ದು ಹೋದ.

ಒಂದು ಟ್ಯಾಕ್ಸಿ ಸೈಟ್ ನೋಡಿದ್ದೆ. ಕಾಪು, ಬ್ರಹ್ಮಾವರ, ಕಾರ್ಕಳ, ಹೆಬ್ರಿ, ಕುಂದಾಪುರ ಹೀಗೆ ಒಂದೊಂದು ಊರಿಗೆ ಒಂದೊಂದು ಪುಟ. ಒಳಗಿನ ಮಾತು ಎಲ್ಲದರಲ್ಲೂ ಒಂದೇ, ಊರಿನ ಹೆಸರು ಮಾತ್ರ ಬೇರೆ. ಇಂಥವನ್ನು ಡೋರ್‌ವೇ ಪುಟ ಎಂದು ಕರೆಯುತ್ತಾರೆ, ಗೂಗಲ್‌ನ ಸ್ಪ್ಯಾಮ್ ನಿಯಮಗಳಲ್ಲೇ ಇದರ ಹೆಸರಿದೆ. ಇದಕ್ಕೆ ಸೈಟ್‌ಮ್ಯಾಪ್ ಮತ್ತೆ ಮತ್ತೆ ಕಳಿಸಿ ಫಲವಿಲ್ಲ. ಸೈಟ್‌ಮ್ಯಾಪ್ ಬರೀ ವಿಳಾಸದ ಪಟ್ಟಿ, ಶಿಫಾರಸು ಪತ್ರ ಅಲ್ಲ. ಅವರಿಗೆ ಹೇಳಿದ್ದು ಇಷ್ಟೇ: ಎಲ್ಲ ಸೇರಿಸಿ ಮೂರು ಪುಟ ಮಾಡಿ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ಮಣಿಪಾಲಕ್ಕೆ ಸುಮಾರು 60 ಕಿಲೋಮೀಟರ್. ಅದಕ್ಕೆ ಎಷ್ಟು ಬಾಡಿಗೆ, ರಾತ್ರಿ ವಿಮಾನ ತಡವಾದರೆ ಕಾಯುತ್ತೀರಾ, ಟೋಲ್ ಸೇರಿದೆಯೇ, ಮಳೆಗಾಲದಲ್ಲಿ ಎಷ್ಟು ಬೇಗ ಹೊರಡಬೇಕು. ಮಗನನ್ನು ಕಾಲೇಜಿಗೆ ಸೇರಿಸಲು ದೂರದೂರಿನಿಂದ ಬರುವ ತಂದೆ ಹುಡುಕುವುದು ಇದನ್ನೇ ಅಲ್ವಾ?

ಕನ್ನಡದ ಪುಟಗಳಿಗೇ ಬರುವ ಕಾಯಿಲೆ

ಇದು ನನಗೆ ಹೆಚ್ಚು ಇಷ್ಟದ ಭಾಗ. ಇಂಗ್ಲಿಷ್‌ನ ಕೈಪಿಡಿಗಳಲ್ಲಿ ಇದು ಸಿಗುವುದಿಲ್ಲ.

ಪರೀಕ್ಷೆ ಸುಲಭ. ನಿಮ್ಮ ಪುಟದಿಂದ ಒಂದು ಸಾಲು ಕನ್ನಡ ಕಾಪಿ ಮಾಡಿ, ವಾಟ್ಸ್ಯಾಪ್‌ನಲ್ಲಿ ನಿಮಗೇ ಕಳಿಸಿಕೊಳ್ಳಿ. ಕನ್ನಡವಾಗಿಯೇ ಬಂದರೆ ಸರಿ. ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆಮೇಲೆ ಗೆರೆ ಇರುವ ಎಗಳು ಬಂದರೆ ಅದು ಹಳೆಯ ಫಾಂಟ್‌ನ ಬರಹ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಒಳಗೆ ಇಂಗ್ಲಿಷ್ ಅಕ್ಷರದ ಜಾಗವೇ ಇರುತ್ತದೆ, ಮೇಲೆ ಕನ್ನಡದ ಅಂಗಿ ತೊಡಿಸಿರುತ್ತಾರೆ. ಕಣ್ಣಿಗೆ ಕನ್ನಡ, ಗೂಗಲ್‌ಗೆ ಗೊಣಗಾಟ. ಪ್ರಿಂಟಿಂಗ್ ಪ್ರೆಸ್‌ನಿಂದ ಬಂದ ಪಾಂಪ್ಲೆಟ್ ಮ್ಯಾಟರ್ ಅನ್ನೇ ಸೈಟ್‌ಗೆ ಹಾಕಿದಾಗ ಇದು ಜಾಸ್ತಿ. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಪದ್ಧತಿಯಾದ ಯುನಿಕೋಡ್‌ನಲ್ಲಿ ಕನ್ನಡಕ್ಕೆ ಸ್ವಂತ ಜಾಗ 1991ರ ಮೊದಲ ಆವೃತ್ತಿಯಿಂದಲೇ ಇದೆ. ಪರಿವರ್ತಕಗಳೂ ಇವೆ. ಬದಲಿಸಿಕೊಳ್ಳಿ.

ಆದರೆ ಪರಿವರ್ತಿಸಿದ ಮೇಲೆ ಇನ್ನೊಂದು ಕಿತಾಪತಿ ಉಳಿದಿರಬಹುದು. ಮಂಗಳೂರಿನ ಗೇರುಬೀಜದ ಅಂಗಡಿಯದು ಇದೇ. ಪುಟದ ತುಂಬ ಊರಿನ ಹೆಸರಿತ್ತು. ಬ್ರೌಸರ್‌ನಲ್ಲಿ ಕಂಟ್ರೋಲ್ ಎಫ್ ಒತ್ತಿ "ಮಂಗಳೂರು" ಎಂದು ಟೈಪ್ ಮಾಡಿದೆ. ಒಂದೂ ಸಿಗಲಿಲ್ಲ! ಕಣ್ಣೆದುರೇ ಹತ್ತು ಕಡೆ ಕಾಣುತ್ತಿದೆ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಅಲ್ಲಿದ್ದದ್ದು "ಮ೦ಗಳೂರು". ವ್ಯತ್ಯಾಸ ಕಾಣುತ್ತದೆಯೇ? ಅನುಸ್ವಾರದ ಸೊನ್ನೆಯ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ ಕೂತಿದೆ. ನಮ್ಮ ಕಣ್ಣಿಗೆ ಎರಡೂ ಸೊನ್ನೆಯೇ, ಕಂಪ್ಯೂಟರ್‌ಗೆ ಒಂದು ಅಕ್ಷರ, ಇನ್ನೊಂದು ಅಂಕಿ. ಟೈಪ್ ಮಾಡುವವರು ಗಡಿಬಿಡಿಯಲ್ಲಿ ಹೀಗೆ ಮಾಡುತ್ತಾರೆ. ಹುಡುಕುವವರ ಫೋನ್ ಕೀಬೋರ್ಡ್ ಸರಿಯಾದ ಅನುಸ್ವಾರವನ್ನೇ ಕೊಡುತ್ತದೆ. ಹಾಗಾಗಿ ಯಾವ ಕನ್ನಡ ಸೈಟ್ ಬಂದರೂ ನಾನು ಮೊದಲು ಮಾಡುವ ಕೆಲಸ ಇದೇ ಕಂಟ್ರೋಲ್ ಎಫ್. ಕುಂದಾಪುರ, ಅಂಗಡಿ, ಸಂಪರ್ಕ, ಮಂಗಳವಾರ. ಸೊನ್ನೆ ಇರುವ ನಾಲ್ಕು ಪದ ಹುಡುಕಿದರೆ ಗೊತ್ತಾಗಿಬಿಡುತ್ತದೆ. ಸರಿಪಡಿಸಲು ಒಮ್ಮೆ ಫೈಂಡ್ ಆಂಡ್ ರಿಪ್ಲೇಸ್ ಸಾಕು. ಆದರೆ ಬೆಲೆ, ಫೋನ್ ನಂಬರ್ ಕನ್ನಡ ಅಂಕಿಯಲ್ಲಿದ್ದರೆ ಅವುಗಳ ಸೊನ್ನೆಯನ್ನೂ ಬದಲಿಸಿಬಿಡಬೇಡಿ.

ಮೂರನೆಯದು ಚಿತ್ರ. ದರಪಟ್ಟಿ, ತಿಂಡಿಯ ಮೆನು, ಸೇವಾ ವಿವರ ಎಲ್ಲವನ್ನೂ ಚಂದದ ಪೋಸ್ಟರ್ ಮಾಡಿ ಅಂಟಿಸುತ್ತಾರೆ. ಅಕ್ಷರವಾಗಿ ಬರೆದದ್ದಕ್ಕೂ ಚಿತ್ರದಲ್ಲಿರುವುದಕ್ಕೂ ಗೂಗಲ್ ಕೊಡುವ ತೂಕ ಒಂದೇ ಅಲ್ಲ. ಪೋಸ್ಟರ್ ಇರಲಿ, ಕೆಳಗೆ ಅದನ್ನೇ ಬರೆಯಿರಿ. ಕುರುಡರ ಸ್ಕ್ರೀನ್ ರೀಡರ್‌ಗೂ ಅನುಕೂಲ.

ಇನ್ನು ಹೆಸರುಗಳ ಗೊಂದಲ. ಮಂಗಳೂರಿನ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಮಂಗಳೂರು ಎಂದೇ ಬದಲಾಯಿತು, ಆದರೆ ಹೊರಗಿನವರ ಬೆರಳು ಇನ್ನೂ ಮ್ಯಾಂಗಲೋರ್ ಎಂದೇ ಟೈಪ್ ಮಾಡುತ್ತದೆ. ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ. ಪ್ರಸಿದ್ಧ ಊರಿನ ಹಳೆ ಹೆಸರು, ಹೊಸ ಹೆಸರು ಒಂದೇ ಎಂದು ಗೂಗಲ್‌ಗೆ ಗೊತ್ತು. ಸಣ್ಣ ಊರು, ತಿಂಡಿ, ತರಕಾರಿಗಳ ವಿಷಯದಲ್ಲಿ ಅಷ್ಟು ಭರವಸೆ ನನಗಿಲ್ಲ. ನೀರ್ ದೋಸೆ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ರೀತಿ ನಾಲ್ಕಿವೆ. ಮಟ್ಟು ಗುಳ್ಳ ಮಾರುವವರ ಪುಟದಲ್ಲಿ ಬದನೆ ಎಂಬ ಪದವೇ ಇರಲಿಲ್ಲ. ಗುಳ್ಳ ಎಂದರೆ ಬದನೆ ಎಂದು ಉಡುಪಿಯವರಿಗೆ ಹೇಳಬೇಕಾಗಿಲ್ಲ, ಸರಿ. ಆದರೆ ಉಡುಪಿಯವರು ಅದನ್ನು ಗೂಗಲ್‌ನಲ್ಲಿ ಹುಡುಕುವುದೂ ಇಲ್ಲ, ನೇರ ಸಂತೆಗೆ ಹೋಗುತ್ತಾರೆ. ಹುಡುಕುವವನು ಹೊರಗಿನವನು. ಅವನ ಪದ ಪುಟದಲ್ಲಿರಬೇಕು. ಹಾಗೆಂದು ಎಲ್ಲ ಹೆಸರನ್ನೂ ಸಾಲಾಗಿ ಪುಟದ ಬುಡದಲ್ಲಿ ತುಂಬಿಸಬೇಡಿ. ಮಾತಿನ ನಡುವೆ ಒಂದೊಂದು ಸಲ ಬಂದರೆ ಸಾಕು.

ಕಾಣುತ್ತದೆ, ಯಾರೂ ಒತ್ತುವುದಿಲ್ಲ

ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿಯಲ್ಲಿ ಇಂಪ್ರೆಶನ್ (ಫಲಿತಾಂಶದಲ್ಲಿ ಕಂಡ ಲೆಕ್ಕ) ಜಾಸ್ತಿ, ಕ್ಲಿಕ್ ಇಲ್ಲ ಎಂದರೆ ಪುಟದ ಟೈಟಲ್ ನೋಡಿ. "ಹೋಮ್" ಎಂದಿರುತ್ತದೆ. ಇಲ್ಲವೇ "ವೆಲ್‌ಕಮ್". ಟೈಟಲ್ ಎಂದರೆ ಅಂಗಡಿಯ ಬೋರ್ಡು. ಬೋರ್ಡಿನ ಮೇಲೆ "ಅಂಗಡಿ" ಎಂದು ಬರೆಸುತ್ತೇವಾ? ಪುಟದ ಕೋಡ್‌ನಲ್ಲಿ ಬರೆಯುವ ಸಣ್ಣ ಪರಿಚಯವಾದ ಮೆಟಾ ವಿವರಣೆಯಿಂದ ರ‍್ಯಾಂಕ್ ಏರುವುದಿಲ್ಲ, ಆದರೆ ಫಲಿತಾಂಶದ ಕೆಳಗಿನ ಎರಡು ಸಾಲು ಅಲ್ಲಿಂದ ಬರಬಹುದು, ಹಾಗಾಗಿ ಚೆನ್ನಾಗಿ ಬರೆಯಿರಿ.

ಊರಿನ ವ್ಯಾಪಾರಕ್ಕೆ ಇನ್ನೊಂದು ಕಾರಣವಿದೆ. ಹುಡುಕಿದವನಿಗೆ ಮೇಲೆ ಮೊದಲು ಕಾಣುವುದು ಮ್ಯಾಪ್ ಮತ್ತು ಮೂರು ಹೆಸರು. ಅದಕ್ಕೆ ಬೇಕಿರುವುದು ಗೂಗಲ್ ಬಿಸಿನೆಸ್ ಪ್ರೊಫೈಲ್. 2021ರವರೆಗೆ ಇದನ್ನು ಗೂಗಲ್ ಮೈ ಬಿಸಿನೆಸ್ ಎನ್ನುತ್ತಿದ್ದರು. ಅಲ್ಲಿ ಗೂಗಲ್ ನೋಡುವುದು ಮೂರು: ಹುಡುಕಿದ್ದಕ್ಕೂ ನಿಮಗೂ ಎಷ್ಟು ಹೊಂದಿಕೆ, ಎಷ್ಟು ದೂರ, ನಿಮ್ಮ ಹೆಸರು ಎಷ್ಟು ಬಳಕೆಯಲ್ಲಿದೆ. ಅಲ್ಲಿ ಆರಿಸಿದ ವ್ಯಾಪಾರದ ವಿಭಾಗ ತಪ್ಪಾಗಿದ್ದರೆ ಮೊದಲನೆಯದೇ ಹೋಯಿತು. ಹೋಮ್‌ಸ್ಟೇಯವರ ಪಿನ್ ರಸ್ತೆಯಿಂದ ಆಚೆ, ಹೊಳೆಯ ನಡುವೆ ನಿಂತಿತ್ತು. ಬಂದ ಅತಿಥಿಗಳು ಫೋನ್ ಮಾಡಿ ದಾರಿ ಕೇಳುವುದು ಏಕೆಂದು ಅವರಿಗೆ ಆವತ್ತು ಗೊತ್ತಾಯಿತು.

ನಿಧಾನ

ನನ್ನ ಅಭಿಪ್ರಾಯದಲ್ಲಿ ವೇಗಕ್ಕೆ ಬೇಡದಷ್ಟು ಬೈಗುಳ ಸಿಕ್ಕಿದೆ. ಪುಟದಲ್ಲಿ ಹುರುಳಿದ್ದರೆ ಸ್ವಲ್ಪ ನಿಧಾನವಾದರೂ ಗೂಗಲ್ ಮುಂದೆ ತರುತ್ತದೆ. ಆದರೂ ಅಳೆದು ನೋಡಿ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಉಚಿತ. ಅದರ ಒಳಗೆ ಕೆಲಸ ಮಾಡುವ ಸಾಧನದ ಹೆಸರು ಲೈಟ್‌ಹೌಸ್. ನಮ್ಮ ಕಾಪು ಕಡಲತೀರದ ಲೈಟ್‌ಹೌಸ್ 1901ರದ್ದು, ಇನ್ನೂ ದಾರಿ ತೋರಿಸುತ್ತಿದೆ. ಈ ಲೈಟ್‌ಹೌಸ್‌ನ ಬೆಳಕು ಮಾತ್ರ ಒತ್ತಿದಾಗಲೆಲ್ಲ ಬೇರೆ ಅಂಕ ಹೇಳುತ್ತದೆ, ನೂರಕ್ಕೆ ಎಷ್ಟು ಎಂದು ಅದಕ್ಕೆ ಜೋತು ಬೀಳಬೇಡಿ. ಮೂರು ಅಳತೆ ಮುಖ್ಯ. ಪುಟದ ದೊಡ್ಡ ಚಿತ್ರ ಅಥವಾ ಬರಹ 2.5 ಸೆಕೆಂಡಿನೊಳಗೆ ಕಾಣಬೇಕು. ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಬೇಕು, ಈ ಅಳತೆ ಈ ಮೂರರ ಸಾಲಿಗೆ 2024ರ ಮಾರ್ಚ್‌ನಲ್ಲಿ ಬಂದದ್ದು. ಓದುತ್ತಿರುವಾಗ ಸಾಲುಗಳು ಕುಣಿಯುವ ಲೆಕ್ಕ 0.1 ದಾಟಬಾರದು.

ನಮ್ಮ ಕಡೆಯ ಸೈಟ್‌ಗಳಲ್ಲಿ ನಾನು ಕಂಡ ಅಪರಾಧಿ ಹೆಚ್ಚಾಗಿ ಒಬ್ಬನೇ: ಮುಖಪುಟದಲ್ಲಿ ತಾನಾಗಿ ಓಡುವ ಬೀಚಿನ ಡ್ರೋನ್ ವಿಡಿಯೊ. ತೆಗೆಯಿರಿ ಎಂದರೆ ಬೇಜಾರಾಗುತ್ತಾರೆ, ಅದಕ್ಕೆ ದುಡ್ಡು ಕೊಟ್ಟಿರುತ್ತಾರಲ್ಲ. ಒಂದು ಸಣ್ಣ ವೆಬ್‌ಪಿ (ಕಡಿಮೆ ಗಾತ್ರದ ಫೈಲ್) ಚಿತ್ರ ಹಾಕಿ, ಒತ್ತಿದರೆ ಮಾತ್ರ ವಿಡಿಯೊ ಓಡಲಿ. ಸೈಟ್ ನೋಡುವುದೆಲ್ಲ ಮೊಬೈಲ್‌ನಲ್ಲೇ ಮಾಡಿ, ಗೂಗಲ್ ಕೂಡ ಈಗ ಮೊಬೈಲ್ ರೂಪವನ್ನೇ ಓದುತ್ತದೆ.

ಮೊದಲು ಬರುತ್ತಿತ್ತು, ಈಗ ಇಲ್ಲ

ಇಲ್ಲಿ ಕೇಳಬೇಕಾದ್ದು ತಾರೀಕು. ಗ್ರಾಫ್ ಯಾವ ದಿನ ಬಿದ್ದಿತು? ಆ ವಾರ ನೀವು ಏನು ಮಾಡಿದಿರಿ?

ಸೈಟ್ ಹೊಸದಾಗಿ ಮಾಡಿಸಿದ ವಾರ ಬಿದ್ದಿದ್ದರೆ ಪುಟಗಳ ವಿಳಾಸ ಬದಲಾಗಿದೆ, ಹಳೆಯದರಿಂದ ಹೊಸದಕ್ಕೆ ತಾನಾಗಿ ಕಳಿಸುವ 301 ಎಂಬ ಕಾಯಂ ದಾರಿ ಹಾಕಿಲ್ಲ. ಮನೆ ಬದಲಿಸಿ ಪೋಸ್ಟ್‌ಮ್ಯಾನ್‌ಗೆ ಹೇಳದ ಹಾಗೆ. ಹಾಕಿದ ದಾರಿಯನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಿ.

ಸೈಟ್ ಕೋಲನ್ ಹುಡುಕಾಟದಲ್ಲಿ ನಿಮ್ಮ ಡೊಮೇನ್ ಕೆಳಗೆ ಜಪಾನಿ ಅಕ್ಷರದ ಪುಟಗಳು ಬಂದರೆ ಗಾಬರಿಯಾಗಿ, ಆಗಲೇಬೇಕು. ಸೈಟ್ ಹ್ಯಾಕ್ ಆಗಿದೆ. ನೀವು ತೆರೆದರೆ 404 ತೋರಿಸಿ, ಗೂಗಲ್‌ಬಾಟ್‌ಗೆ ಮಾತ್ರ ಆ ಪುಟ ತೋರಿಸುವ ಕಪಟ ಇದರಲ್ಲಿ ಸಾಮಾನ್ಯ. ಸರ್ಚ್ ಕನ್ಸೋಲ್‌ನಲ್ಲಿ ನಿಮಗೆ ಗೊತ್ತಿಲ್ಲದ ಮಾಲೀಕರು ಸೇರಿದ್ದಾರೆಯೇ ನೋಡಿ, ಸೆಕ್ಯುರಿಟಿ ಇಶ್ಯೂಸ್ ಮತ್ತು ಮ್ಯಾನುವಲ್ ಆಕ್ಷನ್ಸ್ (ಗೂಗಲ್‌ನವರು ಕೈಯಾರೆ ಹಾಕಿದ ದಂಡ) ಪುಟ ತೆರೆಯಿರಿ. ಬ್ಯಾಕಪ್ ಇದ್ದವರು ಪುಣ್ಯವಂತರು.

ಜೂನ್‌ನಲ್ಲಿ ಬಿದ್ದಿದ್ದರೆ? ಅದು ರೋಗವಲ್ಲ, ಮಳೆ. ಸಮುದ್ರ ಬಿರುಸಾದರೆ ಸೇಂಟ್ ಮೇರಿಸ್ ದ್ವೀಪದ ಬೋಟ್ ನಿಲ್ಲುತ್ತದೆ, ಮಲ್ಪೆ ಹುಡುಕುವವರು ಕಡಿಮೆಯಾಗುತ್ತಾರೆ. ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಇಡುವುದು ಇದಕ್ಕೇ ಉಪಯೋಗ. ಈ ಜೂನನ್ನು ಮೇ ತಿಂಗಳಿಗೆ ಹೋಲಿಸಬೇಡಿ, ಹೋದ ಜೂನಿಗೆ ಹೋಲಿಸಿ. ಸ್ಥಾನ ಅಲ್ಲೇ ಇದ್ದು ಇಂಪ್ರೆಶನ್ ಮಾತ್ರ ಇಳಿದಿದ್ದರೆ ಸೈಟ್ ಮುಟ್ಟಲೇಬೇಡಿ. ಇದನ್ನು ತಿಳಿಯದೆ ಜುಲೈಯಲ್ಲಿ ಇಡೀ ಸೈಟ್ ಬದಲಿಸಿ, ಅಕ್ಟೋಬರ್‌ನಲ್ಲಿ ನಿಜವಾಗಿಯೂ ಹಾಳುಮಾಡಿಕೊಂಡವರಿದ್ದಾರೆ.

ಸುಮ್ನೆ ಸಮಯ ಹಾಳು ಮಾಡುವವು

ಪುಟದ ಕೋಡ್‌ನಲ್ಲಿ ಹುಡುಕುವ ಪದಗಳನ್ನು ತುಂಬಿಸುವ ಕೀವರ್ಡ್ಸ್ ಮೆಟಾ ಟ್ಯಾಗ್ ಅನ್ನು ರ‍್ಯಾಂಕಿಂಗ್‌ಗೆ ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಅದನ್ನು ತುಂಬಿಸಿ ಬಿಲ್ ಮಾಡುವವರು ಇನ್ನೂ ಇದ್ದಾರೆ. ದುಡ್ಡಿಗೆ ಲಿಂಕ್ ಮಾರುವವರನ್ನು ದೂರ ಇಡಿ. ಮೊದಲ ಸ್ಥಾನದ ಗ್ಯಾರಂಟಿ ಕೊಡುವವರನ್ನೂ. ಅಂಥ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ಲೇ ಬರೆದುಕೊಂಡಿದೆ.

ಸರಿಪಡಿಸಿದ ಮೇಲೆ

ಇನ್‌ಸ್ಪೆಕ್ಷನ್‌ನಲ್ಲಿ ಲೈವ್ ಟೆಸ್ಟ್ ಮಾಡಿ ಹಸಿರು ಬಂದರೆ ರಿಕ್ವೆಸ್ಟ್ ಇಂಡೆಕ್ಸಿಂಗ್ ಒತ್ತಿ. ಒಂದು ಸಲ ಸಾಕು, ಹತ್ತು ಸಲ ಒತ್ತಿದರೆ ಸಾಲು ಮುಂದೆ ಹೋಗುವುದಿಲ್ಲ. ಕೆಲವು ದಿನದಿಂದ ಕೆಲವು ವಾರ ಹಿಡಿಯಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ತಾರೀಕು ಬರೆದಿಟ್ಟುಕೊಳ್ಳಿ. ಐದನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತೆಂದು ಮುಂದಿನ ಸಲ ನಿಮಗೇ ನೆನಪಿರುವುದಿಲ್ಲ.

ಹೋಮ್‌ಸ್ಟೇಯವರದು ಟಿಕ್ ತೆಗೆದ ಮೇಲೆ ಇಂಡೆಕ್ಸ್‌ಗೆ ಬಂತು. ಹೆಸರು ಹಾಕಿದರೆ ಮೊದಲೇ ಬರುತ್ತದೆ, ಮ್ಯಾಪ್‌ನಲ್ಲಿ ಪಿನ್ನೂ ಹೊಳೆಯಿಂದ ದಡಕ್ಕೆ ಹತ್ತಿತು. ಖುಷಿಯಲ್ಲಿ ಮತ್ತೆ ಫೋನ್ ಮಾಡಿದರು ಎಂದುಕೊಂಡೆ. ಅಲ್ಲ. "ಜನ ಸೈಟ್ ನೋಡುತ್ತಾರೆ ಎಂದು ನೀವು ಹೇಳುತ್ತೀರಿ, ಒಂದು ಕಾಲ್ ಇಲ್ಲವಲ್ಲ?" ಪುಟದ ಮೇಲಿದ್ದ ಕರೆ ಗುಂಡಿಯನ್ನು ನನ್ನ ಫೋನಿನಲ್ಲಿ ಒತ್ತಿದೆ. ಎತ್ತಿದ್ದು ಸೈಟ್ ಮಾಡಿಕೊಟ್ಟ ಹುಡುಗ. ಎಂಟು ತಿಂಗಳ ಹಿಂದೆ ಪರೀಕ್ಷೆಗೆಂದು ತನ್ನ ನಂಬರ್ ಹಾಕಿದ್ದನಂತೆ. "ಈಗೀಗ ರೂಮ್ ಇದೆಯಾ ಎಂದು ಯಾರ‍್ಯಾರೋ ಕೇಳುತ್ತಾರೆ ಸಾರ್, ನಾನು ರಾಂಗ್ ನಂಬರ್ ಎಂದು ಇಡುತ್ತಿದ್ದೆ."